ಪತ್ತಾರ ಕಾಕಾ ಮತ್ತು ಬಂಗಾರದ ಗುಡ್ಡ

ಪತ್ತಾರ ಮೌನೇಶಪ್ಪ ಕಾಕಾ ಕೆಲಸಕ್ಕೆ ಕುಳಿತರೆ ಸೊಂಟದ ಮೇಲೆ ಒಬ್ಬ ಮನುಷ್ಯ, ಸೊಂಟದ ಕೆಳಗೆ ಇನ್ನೊಬ್ಬ ಮನುಷ್ಯ ಇದ್ದಂತೆ ಕಾಣುತ್ತಿತ್ತು. ಮೇಲಿನವನ ಕೈ ಅಲುಗುತ್ತಿರಲಿಲ್ಲ. ಊದುಗೊಳವೆ ಬಾಯಿಗಿಟ್ಟು, ದೀಪದ ಉರಿಯನ್ನು ಸೂಜಿಯಷ್ಟು ಸಣ್ಣದು ಮಾಡಿ, ಕೂದಲೆಳೆಯಂಥ ಬಂಗಾರದ ತಂತಿಗೆ ಬೆಸುಗೆ ಹಾಕುತ್ತಿದ್ದ. ಅದೇ ಹೊತ್ತಿಗೆ ಕೆಳಗಿನವನ ಬಲಗಡೆಯ ಮೊಣಕಾಲು ಹೊಲಿಗೆ ಯಂತ್ರದ ಹಾಗೆ ಒಂದೇ ಸಮನೆ ಕುಣಿಯುತ್ತಿತ್ತು. ಎದುರಿನ ಮರದ ಮಣೆಯ ಮೇಲಿನ ಇಕ್ಕಳ, ಸುತ್ತಿಗೆ, ಅರಗಳೆಲ್ಲ ಆ ಕುಣಿತಕ್ಕೆ ಗಿಣಿಗಿಣಿ ಅನ್ನುತ್ತಿದ್ದವು. ಹೊಸದಾಗಿ ಬಂದ ಗಿರಾಕಿಗಳು ಕೈಯನ್ನು ನೋಡಬೇಕೋ ಕಾಲನ್ನು ನೋಡಬೇಕೋ ತಿಳಿಯದೆ ತಮ್ಮ ಬಂಗಾರದ ಕಡೆ ದಿಗಿಲಿನಿಂದ ನೋಡುತ್ತಿದ್ದರು.

ಬ್ಯಾಡಗಿಯ ಪೇಟೆ ಓಣಿಯಲ್ಲಿ ಅವರ ಅಂಗಡಿಗೆ ಅಂಟಿಕೊಂಡೇ ನನ್ನ ಫೋಟೋ ಸ್ಟುಡಿಯೊ. ನಡುವೆ ಇರುವುದು ಒಂದೇ ಇಟ್ಟಿಗೆಯ ಗೋಡೆ. ಆ ಗಿಣಿಗಿಣಿ ನನ್ನ ದಿನದ ಸಪ್ಪಳವಾಗಿತ್ತು. ಅದು ನಿಂತಿತೆಂದರೆ ಕಾಕಾ ಎದ್ದು ಎಲ್ಲಿಗೋ ಹೊರಟರೆಂದೇ ಅರ್ಥ. ಮೆಣಸಿನಕಾಯಿ ಸುಗ್ಗಿಯಲ್ಲಿ ಇಡೀ ಓಣಿ ಸೀನುತ್ತಿದ್ದರೂ ಕೆಲಸಕ್ಕೆ ಕುಳಿತ ಕಾಕಾ ಸೀನುತ್ತಿರಲಿಲ್ಲ. ಬೆಸುಗೆ ಮುಗಿಸಿ ಎದ್ದು, ಬೀದಿಗೆ ಬಂದು, ತಡೆಹಿಡಿದದ್ದನ್ನೆಲ್ಲ ಒಟ್ಟಿಗೆ ಸೀನಿ, ಧೋತರದ ಚುಂಗಿನಿಂದ ಮೂಗು ಒರೆಸಿಕೊಂಡು ನನ್ನ ಬಾಗಿಲಲ್ಲಿ ಇಣುಕುತ್ತಿದ್ದರು.

"ಬಸು, ಮುಂಜಾನಿಂದ ಅಲ್ಲೇ ಕುಂತೀಯಲ್ಲೋ. ಮೈ ಮರಗಟ್ಟಂಗಿಲ್ಲೇನು? ಏಳು, ಒಂದಿಷ್ಟು ಅಡ್ಡಾಡು. ನಾ ಹಿಂಗ ಹೋಗಿ ಹಂಗ ಬರ್ತೇನಿ."

ಹಿಂಗ ಹೋಗಿ ಹಂಗ ಬರುವುದೆಂದರೆ ಅವರ ಲೆಕ್ಕದಲ್ಲಿ ಎಷ್ಟು ಹೊತ್ತೂ ಆಗಬಹುದಿತ್ತು. ಬಸ್‌ಸ್ಟ್ಯಾಂಡಿಗೆ ಹೋಗಿ ಯಾವ ಬಸ್ಸು ಹೊರಡಲು ತಯಾರಿದೆಯೋ ಅದನ್ನು ಹತ್ತುತ್ತಿದ್ದರು. ಅದು ಕೊನೆಗೆ ನಿಲ್ಲುವ ಊರಲ್ಲಿ ಇಳಿದು, ಚಹಾ ಕುಡಿದು, ಅದೇ ಬಸ್ಸಿಗೆ ವಾಪಸು ಬರುತ್ತಿದ್ದರು.

"ಎಲ್ಲಿಗೆ ಹೋಗಿದ್ರಿ ಕಾಕಾ?"

"ಕುಪ್ಪೇಲೂರಿಗೆ."

"ಏನು ಕೆಲಸ ಇತ್ತು?"

"ಕೆಲಸ ಏನಿಲ್ಲಪಾ. ಬಸ್ಸು ಖಾಲಿ ಇತ್ತು, ಹತ್ತಿದೆ."

ಅವರ ಹೆಂಡತಿ ಕಾಳವ್ವ ಚಿಗವ್ವ ಇದಕ್ಕೆ ತದ್ವಿರುದ್ಧ. ಎತ್ತರದ, ಮಾತು ಕಡಿಮೆಯ ಹೆಂಗಸು. ಅಂಗಡಿಯ ಹಿಂದೆಯೇ ಮನೆ. ಸಂಜೆಯಾದರೆ ಅಂಗಡಿಯ ಬಾಗಿಲಿಗೆ ಬಂದು, ಒಂದು ಕೈಯಿಂದ ಚೌಕಟ್ಟು ಹಿಡಿದು, ಬಸ್‌ಸ್ಟ್ಯಾಂಡಿನ ಕಡೆಯ ತಿರುವನ್ನು ನೋಡುತ್ತ ನಿಲ್ಲುವಳು. ಒಬ್ಬಳೇ ಮಗಳನ್ನು ಹಾವೇರಿಗೆ ಕೊಟ್ಟಿದ್ದರು. ಅವಳು ಹುಟ್ಟಿದ ದಿನವೂ ಕಾಕಾ ಬಸ್ಸಿನಲ್ಲಿದ್ದರಂತೆ. ಚಿಗವ್ವ ಇದನ್ನು ದೂರಿನ ದನಿಯಲ್ಲಿ ಹೇಳುತ್ತಿರಲಿಲ್ಲ, ಹವೆ ಹೇಗಿತ್ತೆಂದು ಹೇಳುವವರ ಹಾಗೆ ಹೇಳುತ್ತಿದ್ದಳು. ಗಂಡನ ಹೆಸರನ್ನು ಅವಳು ಎಂದೂ ಬಾಯಲ್ಲಿ ತಂದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದಲ್ಲಿದ್ದವರ ಕಡೆ ತಿರುಗಿ, "ನೀವ ಹೇಳ್ರಿ" ಅನ್ನುತ್ತಿದ್ದಳು. ನಾವೆದುರಿದ್ದರೆ "ಅವರು". ಕರೆಯಬೇಕಾದರೆ "ಏನ್ರಿ". ಅಷ್ಟೇ.

ಒಂದು ಸಲ ಮೋಟೆಬೆನ್ನೂರಿನ ಗಂಡಿನ ಮನೆಯವರು ಮದುವೆಯ ಸರ ಒಯ್ಯಲು ಬಂದು ಕುಳಿತಿದ್ದರು. ಮರುದಿನ ಅಕ್ಷತೆ. ಸರದ ಕೊನೆಯ ಕೊಂಡಿಯ ಬೆಸುಗೆ ಬಾಕಿ. ಕಾಕಾ ಊದುಗೊಳವೆ ಎತ್ತಿದರು, ಇಳಿಸಿದರು. ಮತ್ತೆ ಎತ್ತಿದರು, ಇಳಿಸಿದರು. ಎದ್ದು ಚಪ್ಪಲಿ ಮೆಟ್ಟಿ, "ಹಿಂಗ ಹೋಗಿ ಹಂಗ ಬಂದೆ" ಎಂದವರು ಹೋಗಿಯೇಬಿಟ್ಟರು. ಗಂಡಿನ ತಾಯಿ ಬೆವರತೊಡಗಿದಳು. ಚಿಗವ್ವ ಎರಡು ಸಲ ಚಹಾ ಮಾಡಿಕೊಟ್ಟಳು, ಅವಲಕ್ಕಿ ಹಚ್ಚಿಕೊಟ್ಟಳು, ಬೆಸುಗೆಯ ಸಾಮಾನು ತರಲು ಹೋಗಿದ್ದಾರೆಂದು ಸುಳ್ಳು ಹೇಳಿದಳು. ಕಾಕಾ ಬಂದದ್ದು ಹೊತ್ತು ಇಳಿಯುವಾಗ. ಧೋತರ ಮೊಣಕಾಲಿನ ತನಕ ಒದ್ದೆ. ಯಾರ ಜೊತೆಗೂ ಮಾತಾಡದೆ ಕುಳಿತು ಒಂದೇ ಉಸಿರಿಗೆ ಕೊಂಡಿ ಹಚ್ಚಿ, ಸರವನ್ನು ನೀರಿಗೆ ಬಿಟ್ಟರು.

ಅವರೆಲ್ಲ ಹೋದಮೇಲೆ ನಾನು ಕೇಳಿದೆ. ಹೊಳೆ ದಂಡೆಯ ಮೇಡ್ಲೇರಿಗೆ ಹೋಗಿದ್ದರಂತೆ.

"ಆವಾಗ ಹಚ್ಚಿದ್ರ ಆ ಕೊಂಡಿ ನಾಳೆ ಅಕ್ಷತಿ ಒಳಗ ಬಿಚ್ಚತಿತ್ತು ಬಸು. ಮನಸ್ಸು ಒಂದ ಕಡೆ ನಿಂದ್ರಲೇ ಇಲ್ಲ. ಹೊಳಿಗೆ ಇಳದು ಸ್ವಲ್ಪ ಹೊತ್ತು ನಿಂತೆ. ನೀರು ಹರದು ಹೋಗೂದು ನೋಡಿದ್ರ ನನಗ ಒಂದಿಷ್ಟು ಸಮಾಧಾನ ಆಗ್ತೈತಿ. ಅದೂ ನಿಂದ್ರಂಗಿಲ್ಲಲ್ಲ."

"ಅವರಿಗೆ ಹೇಳಿಯಾದ್ರೂ ಹೋಗಬಾರದಿತ್ತೇನ್ರಿ?"

"ಏನಂತ ಹೇಳ್ಲಿ? ಹೊಳಿ ನೋಡಾಕ ಹೊಂಟೇನಿ ಅಂತ ಹೇಳ್ಲೇನು?"

ಇಂಥ ಕಾಕಾನಿಗೆ ರಾಣೇಬೆನ್ನೂರಿನಲ್ಲಿ ಹೊಸದಾಗಿ ತೆರೆದ ದೊಡ್ಡ ಆಭರಣ ಮಳಿಗೆಯಿಂದ ಕರೆ ಬಂತು. ಆ ಹೊತ್ತಿಗೆ ಓಣಿಯ ಅಂಗಡಿಗೆ ಗಿರಾಕಿಗಳು ಬರುವುದು ಬಹಳ ಕಡಿಮೆಯಾಗಿತ್ತು. ಮದುವೆ ಬಂಗಾರವನ್ನು ಜನ ಗಾಜಿನ ಪೆಟ್ಟಿಗೆಯಲ್ಲಿ ನೋಡಿ, ಬೊಟ್ಟು ಮಾಡಿ ತೋರಿಸಿ, ಅಂದೇ ಒಯ್ಯುತ್ತಿದ್ದರು. ಕಾಕಾನ ಬಳಿಗೆ ಬರುತ್ತಿದ್ದದ್ದು ಹರಿದ ಸರ, ಮುರಿದ ಓಲೆ, ಬೆರಳಿಗೆ ಬಿಗಿಯಾದ ಉಂಗುರ. ಮಳಿಗೆಯವರು ರಿಪೇರಿ ಕೆಲಸಕ್ಕೆ ನುರಿತವರನ್ನು ಹುಡುಕುತ್ತಿದ್ದರು. ತಂಪು ಹವೆಯ ಕೋಣೆ, ತಿಂಗಳ ಪಗಾರ. ಆದರೆ ಮುಂಜಾನೆ ಅಂಗಡಿ ತೆರೆದಾಗಿನಿಂದ ಮುಚ್ಚುವ ತನಕ ಕ್ಯಾಮೆರಾದ ಕೆಳಗೆ ಕುಳಿತೇ ಇರಬೇಕು. ಬಂಗಾರ ಕೈಯಲ್ಲಿರುವಾಗ ಏಳುವಂತಿಲ್ಲ. ಹೊರಗೆ ಹೋಗಬೇಕಾದರೆ ಮೈ ತಪಾಸಣೆ ಮಾಡಿಸಿಕೊಳ್ಳಬೇಕು.

"ಸೋಮವಾರ ಹೇಳ್ತೇನಿ" ಎಂದು ಕಾಕಾ ಬಂದಿದ್ದರು.

ಆ ವಾರವೆಲ್ಲ ಅವರ ಚಡಪಡಿಕೆ ನೋಡಲಾಗುತ್ತಿರಲಿಲ್ಲ. ನನ್ನ ಸ್ಟುಡಿಯೊಗೆ ಬಂದು ಸ್ಟೂಲಿನ ಮೇಲೆ ಕೂರುವರು, ಏಳುವರು, ಗೋಡೆಯ ಮೇಲಿನ ಮದುಮಕ್ಕಳ ಫೋಟೋಗಳನ್ನು ಒಂದೊಂದಾಗಿ ನೋಡುವರು, ಹೊರಗೆ ಹೋಗುವರು, ತಿರುವಿನ ತನಕ ನಡೆದು ವಾಪಸು ಬರುವರು. ಚಿಗವ್ವನಿಗೆ ಈ ಕೆಲಸ ಬೇಕಾಗಿತ್ತು. "ಇನ್ನ ವಯಸ್ಸಾತು. ಒಂದ ಕಡೆ ಕುಂದರ್ಲಿ. ಎಲ್ಲಿ ಅದಾರ ಅಂತ ನನಗರ ಗೊತ್ತಿರ್ತೈತಿ" ಎಂದು ನನ್ನೆದುರು ಒಮ್ಮೆ ಹೇಳಿದಳು. ಕಾಕಾ ಚಪ್ಪಲಿ ಮೆಟ್ಟಿ ಮತ್ತೆ ತಿರುವಿನ ಕಡೆ ಹೊರಟರು.

ಶನಿವಾರ ಮಧ್ಯಾಹ್ನ ಬಾಗಿಲಲ್ಲಿ ನಿಂತು ಕೇಳಿದರು: "ಬಸು, ಕಪ್ಪತಗುಡ್ಡದಾಗ ಬಂಗಾರದ ಗಣಿ ಇತ್ತಂತಲ್ಲ, ನೋಡೀಯೇನು?"

ನಾನು ನೋಡಿದ್ದೆ. ಮದುವೆಗೆ ಮುಂಚಿನ ಜೋಡಿ ಫೋಟೋ ತೆಗೆಯಲು ಒಮ್ಮೆ ಹೋಗಿದ್ದೆ. ಬ್ರಿಟಿಷರ ಕಾಲದಲ್ಲಿ ಆ ಗುಡ್ಡದಲ್ಲಿ ಬಂಗಾರ ತೋಡಿದ್ದರು. ಗುಡ್ಡದ ಬುಡದ ಒಂದು ಹಳ್ಳಿಯಾಚೆ ಸಾಹೇಬನ ಬಂಗಲೆ, ಕೂಲಿಕಾರರ ಮನೆಗಳ ಸಾಲು, ಸುರಂಗದ ಬಾಯಿ ಇನ್ನೂ ಇದ್ದವು. ಊರಿನವರು ಅದನ್ನೆಲ್ಲ ಕೆಡವದೆ, ಕಲ್ಲು ಹೊತ್ತೊಯ್ಯಲು ಬಿಡದೆ, ತಂತಿ ಬೇಲಿ ಹಾಕಿ ಉಳಿಸಿಕೊಂಡಿದ್ದರು. ನೋಡಿಕೊಳ್ಳಲು ಒಬ್ಬ ಕಾವಲುಗಾರನೂ ಇದ್ದ. ಮುಂಜಾನೆ ಹೊರಟರೆ ಸಂಜೆಗೆ ಬ್ಯಾಡಗಿ ಮುಟ್ಟಬಹುದಿತ್ತು.

"ಸಣ್ಣಾಂವ ಇದ್ದಾಗಿಂದ ಬಂಗಾರ ಬಡದೇನಿ. ಅದು ನೆಲದಾಗ ಹೆಂಗಿರ್ತೈತಿ ಒಮ್ಮೆನೂ ನೋಡಿಲ್ಲ. ನಾಳೆ ಐತವಾರ. ನಿನ್ನ ಕಾರು ಐತಲ್ಲ, ಹೋಗೂಣೇನು?"

ಹಿಂದಿನಿಂದ ದನಿ ಬಂತು. "ನಾನೂ ಬರ್ತೇನಿ."

ನಾವಿಬ್ಬರೂ ತಿರುಗಿ ನೋಡಿದೆವು. ಚಿಗವ್ವ ಚೌಕಟ್ಟು ಹಿಡಿದು ನಿಂತಿದ್ದಳು.

"ನೀ ಯಾಕ? ಬಿಸಲಾಗ ಗುಡ್ಡ ಹತ್ತಬೇಕು" ಎಂದರು ಕಾಕಾ.

"ಯಾಕಂದ್ರ? ದಾರಿ ನೋಡಿ ನೋಡಿ ಸಾಕಾಗೇತಿ. ಈ ಸಲ ದಾರಿ ಒಳಗ ನಾನೂ ಇರ್ತೇನಿ."

ಭಾನುವಾರ ಮುಂಜಾನೆ ಹೊರಟೆವು. ಚಿಗವ್ವ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಒಂದು ಡಬ್ಬಿ ಮೊಸರನ್ನು ಬುಟ್ಟಿಯಲ್ಲಿ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕುಳಿತಳು. ಕಾಕಾ ನನ್ನ ಪಕ್ಕ. ಮೋಟೆಬೆನ್ನೂರು ಬರುವಷ್ಟರಲ್ಲಿ ಅವರು ಕಿಟಕಿಯ ಗಾಜನ್ನು ಏರಿಸಿ ಇಳಿಸಿ, ಕಾರಿನ ಮುಂದಿನ ಪೆಟ್ಟಿಗೆಯಲ್ಲಿದ್ದ ಕಾಗದಗಳನ್ನೆಲ್ಲ ತೆಗೆದು ನೋಡಿ, ಸೀಟನ್ನು ಹಿಂದೆ ತಳ್ಳಿ ಮುಂದೆ ಎಳೆದು ಆಗಿತ್ತು. ಹಾವೇರಿ ದಾಟಿದ ಮೇಲೆ ಚಹಾ ಎಂದು ನಿಲ್ಲಿಸಿದರು. ಚಹಾ ಬರುವ ಮೊದಲೇ, "ನೀವು ಕುಡದು ಬರ್ರಿ, ನಾ ಮುಂದ ನಡೀತಿರ್ತೇನಿ" ಎಂದು ರಸ್ತೆಗುಂಟ ಹೊರಟೇಬಿಟ್ಟರು. ಸಾಕಷ್ಟು ದೂರ ಹೋದಮೇಲೆ ಅವರನ್ನು ಹತ್ತಿಸಿಕೊಂಡೆವು. ವರದಾ ಹೊಳೆಯ ಸೇತುವೆಯ ಮೇಲೆ ಮತ್ತೆ ಇಳಿದರು. ಚಿಗವ್ವ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದಳು. ಕಾಣದೆ ಹೋದಮೇಲೆ ತನ್ನ ಗಂಡ ಏನು ಮಾಡುತ್ತಾನೆಂಬುದನ್ನು ಮೊದಲ ಸಲ ಕಣ್ಣಾರೆ ನೋಡುತ್ತಿದ್ದಳು.

"ಬರೇ ನಿಂದರ್ತಾರ?" ಎಂದು ನನ್ನನ್ನು ಕೇಳಿದಳು.

"ಹೂಂ ಚಿಗವ್ವಾ, ಬರೇ ನಿಂತಾರ."

"ನಾ ಏನೇನೋ ತಿಳಕೊಂಡಿದ್ದೆ" ಎಂದಳು.

ಗುಡ್ಡ ಹತ್ತಿರವಾದಂತೆ ನೆತ್ತಿಯ ಮೇಲಿನ ಗಾಳಿಯಂತ್ರಗಳ ರೆಕ್ಕೆಗಳು ತಿರುಗುವುದು ಕಾಣಿಸಿತು. ಬೇಲಿಯ ಬಳಿ ಕಾವಲುಗಾರ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಹನುಮಪ್ಪನೆಂದು ಹೆಸರು, ನನ್ನನ್ನು ಗುರುತು ಹಿಡಿದ. ಕಾಕಾ ಪತ್ತಾರರೆಂದು ತಿಳಿದ ಕೂಡಲೇ ಅವನಿಗೆ ಹುರುಪು ಬಂತು. ನಮ್ಮನ್ನು ಮೊದಲು ಹಳ್ಳಕ್ಕೆ ಕರೆದೊಯ್ದ. ಅವನ ಅಜ್ಜಿ ಮಳೆಗಾಲದ ಮೇಲೆ ಈ ಹಳ್ಳದ ಉಸುಕು ತೊಳೆದು ಬಂಗಾರ ತೆಗೆಯುತ್ತಿದ್ದಳಂತೆ. ಅವಳ ಮರದ ಮರಿಗೆಯನ್ನು ಅವನು ಇನ್ನೂ ಇಟ್ಟುಕೊಂಡಿದ್ದ. ಅದರಲ್ಲಿ ಉಸುಕು ತುಂಬಿ, ನೀರಿನಲ್ಲಿ ತೂಗಿ ತೂಗಿ ಚೆಲ್ಲಿದ. ಕೊನೆಗೆ ತಳದಲ್ಲಿ ಉಳಿದ ಕರಿ ಉಸುಕಿನಲ್ಲಿ ಏನೋ ಮಿಣುಕಿತು. ಬೆರಳ ತುದಿಗೆ ಅಂಟಿಸಿ ಕಾಕಾನ ಕಣ್ಣ ಮುಂದೆ ಹಿಡಿದ. ಸಾಸಿವೆಯ ಸಿಪ್ಪೆಯಷ್ಟೂ ಇರಲಿಲ್ಲ.

ಕಾಕಾ ಬಹಳ ಹೊತ್ತು ನೋಡಿದರು. "ಇಷ್ಟಕ್ಕ ಇಷ್ಟು ದೂರದಿಂದ ಮಂದಿ ಬಂದಿದ್ರೇನು?"

"ಬಂದಿದ್ರರಿ. ಊರ ಕಟ್ಟಿದ್ರು ನೋಡ್ರಿ" ಎಂದು ಹನುಮಪ್ಪ ಕೂಲಿಕಾರರ ಮನೆಗಳ ಸಾಲಿಗೆ ಕರೆದೊಯ್ದ. ಒಂದಕ್ಕೊಂದು ಅಂಟಿಕೊಂಡು ನಿಂತ ಒಂದೊಂದೇ ಕೋಣೆಯ ಮನೆಗಳು. ಚಾವಣಿ ಇಲ್ಲ. ಒಳಗೆ ಒಲೆಯ ಮಸಿ ಇನ್ನೂ ಗೋಡೆಗಿತ್ತು. ಒಂದು ಹೊಸ್ತಿಲ ಬಳಿ ಒರಳುಕಲ್ಲು ಹಾಗೇ ಹೂತಿತ್ತು. ಚಿಗವ್ವ ಅದರ ಕುಳಿಯೊಳಗೆ ಕೈಯಿಟ್ಟು ನೋಡಿದಳು.

"ಈ ಮಂದಿ ಎಲ್ಲಿಗೆ ಹೋದ್ರು?" ಕಾಕಾ ಕೇಳಿದರು.

"ಬಂಗಾರ ಸಾಲದಂಗಾತು, ಕಂಪನಿ ಹೋತು. ಕೆಲವ್ರು ಕೋಲಾರದ ಕಡೆ ಹೋದ್ರಂತ, ಕೆಲವ್ರು ಹೊಳ್ಳಿ ತಮ್ಮೂರಿಗೆ. ಒಂದ ವಾರದಾಗ ಊರ ಖಾಲಿ ಆತು ಅಂತ ನಮ್ಮಜ್ಜಿ ಹೇಳ್ತಿದ್ಲು."

ಕಾಕಾನ ಮುಖ ಬಿಗಿದುಕೊಂಡಿತು. ಒಂದು ಮನೆ ಹೊಕ್ಕು, ಅದರ ಹಿಂಬಾಗಿಲಿನಿಂದ ಹೊರಬಿದ್ದು, ಇನ್ನೊಂದು ಮನೆ ಹೊಕ್ಕರು. ಹನುಮಪ್ಪ ಚಿಗವ್ವನಿಗೆ ಬಂಗಲೆಯ ಕಥೆ ಹೇಳುತ್ತಿದ್ದ, ನಾನು ಫೋಟೋ ತೆಗೆಯುತ್ತಿದ್ದೆ. ಬಂಗಲೆ ನೋಡಿ ಹೊರಗೆ ಬಂದಾಗ ಕಾಕಾ ಇರಲಿಲ್ಲ.

ಸುರಂಗದ ಬಾಯಿ ಅಲ್ಲಿಂದ ಸ್ವಲ್ಪ ಮೇಲೆ, ಗುಡ್ಡದ ಪಕ್ಕೆಯಲ್ಲಿತ್ತು. ಕಬ್ಬಿಣದ ಸರಳಿನ ಬಾಗಿಲು, ಆದರೆ ಬುಡದ ಎರಡು ಸರಳು ತುಕ್ಕು ಹಿಡಿದು ಬಾಗಿದ್ದವು. ಅದರ ಮುಂದೆ ಕಾಕಾ ತಮ್ಮ ಚಪ್ಪಲಿ ಜೋಡಿಸಿ ಬಿಟ್ಟಿದ್ದರು, ಗುಡಿಯ ಹೊರಗೆ ಬಿಡುವ ಹಾಗೆ.

ಹನುಮಪ್ಪನ ಮುಖದ ಬಣ್ಣ ಇಳಿಯಿತು. "ಒಳಗ ಹೋಗ್ಯಾರ! ಒಳಗ ಬಾವಿ ಅದಾವ್ರಿ. ಕೆಳಗ ತೋಡಿಕೋತ ಹೋದ ಬಾವಿ. ನೆಲ ಇದ್ದಂಗ ಕಾಣ್ತೈತಿ, ಇರಂಗಿಲ್ಲ."

ನಾನು ಮೊಬೈಲಿನ ಬೆಳಕು ಹಚ್ಚಿ ಸರಳಿನ ಕೆಳಗೆ ನುಸುಳಿದೆ. ಕೆಲವೇ ಹೆಜ್ಜೆಗೆ ಹಗಲು ಹಿಂದೆ ಉಳಿಯಿತು. ಬಾವಲಿಗಳ ಹಿಕ್ಕೆಯ ವಾಸನೆ ಮೂಗಿಗೆ ಅಡರಿತು. ಮುಂದೆ ಸುರಂಗ ಕವಲಾಗಿ ಎರಡು ಕಡೆಗೆ ಹೋಗಿತ್ತು. "ಕಾಕಾ!" ಎಂದು ಕೂಗಿದೆ. ಎರಡೂ ಬಾಯಿಯಿಂದ ನನ್ನ ದನಿಯೇ ವಾಪಸು ಬಂತು. ಬಾವಲಿಗಳು ಎದ್ದು ಮುಖಕ್ಕೆ ರಾಚಿದವು. ಹನುಮಪ್ಪ ಹಿಂದಿನಿಂದ ನನ್ನ ಅಂಗಿ ಹಿಡಿದು ಎಳೆದ. "ನೀವೂ ಹೋದ್ರ ಇಬ್ಬರನ್ನ ಹುಡುಕಬೇಕಾಗ್ತೈತಿ. ಹೊರಗ ಬರ್ರಿ. ಊರಾಗಿಂದ ಹಗ್ಗ, ಬ್ಯಾಟರಿ ತರಸ್ತೇನಿ" ಎಂದು ಹೊರಗೆ ತಂದು, ಹಳ್ಳಿಗೆ ಫೋನು ಹಚ್ಚಿದ. ಗುಡ್ಡದ ಸಂದಿಯಲ್ಲಿ ಸಿಗ್ನಲ್ ಸಿಗಲಿಲ್ಲ. ಫೋನು ಎತ್ತಿ ಹಿಡಿದುಕೊಂಡು ಬಯಲಿನ ಕಡೆ ಓಡಿ, ಹೇಳಿ, ಓಡುತ್ತಲೇ ವಾಪಸು ಬಂದ.

ಅಷ್ಟರಲ್ಲಿ ಚಿಗವ್ವ ಏದುಸಿರು ಬಿಡುತ್ತ ಮೇಲೆ ಬಂದಿದ್ದಳು. ಚಪ್ಪಲಿ ನೋಡಿದಳು. ಅಳಲಿಲ್ಲ. ಸರಳು ಹಿಡಿದು ಒಳಗೆ ಮುಖ ಮಾಡಿ, "ಏನ್ರಿ... ಏನ್ರೀ..." ಎಂದು ಕರೆದಳು. ಕತ್ತಲೆಯೊಳಗಿಂದ "ಏನ್ರಿ, ಏನ್ರಿ" ಎಂದು ಯಾರೋ ಅಣಕಿಸಿದಂತೆ ಕೇಳಿಸಿತು. ನಾನೂ ಅವಳ ಪಕ್ಕ ನಿಂತು ಕಾಕಾ ಕಾಕಾ ಎಂದು ಕೂಗಿದೆ. ಗಂಟಲು ಕಟ್ಟುವ ತನಕ ಕೂಗಿದೆವು. ಏನೂ ಇಲ್ಲ.

"ಹೆಸರು ಹಿಡದು ಕರೀರಿ ಯವ್ವಾ," ಎಂದ ಹನುಮಪ್ಪ. "ಏನ್ರಿ ಅಂದ್ರ ಗವ್ಯಾಗ ಯಾರಿಗೆ ತಿಳೀತೈತಿ?"

ಚಿಗವ್ವ ನನ್ನ ಕಡೆ ನೋಡಿದಳು, "ನೀವ ಹೇಳ್ರಿ" ಅನ್ನುವ ಅದೇ ನೋಟ. ನಾನು ಬಾಯಿ ತೆರೆಯುವ ಮೊದಲೇ ಅವಳು ಮುಖ ತಿರುಗಿಸಿದಳು. ಸೆರಗನ್ನು ತಲೆಯ ಮೇಲೆ ಸರಿ ಮಾಡಿಕೊಂಡು, ಸರಳಿಗೆ ಹಣೆ ಹಚ್ಚಿ ಕೂಗಿದಳು.

"ಮೌನೇಶಾ!"

ಆ ದನಿಯನ್ನು ನಾನು ಅವಳ ಬಾಯಿಂದ ಎಂದೂ ಕೇಳಿರಲಿಲ್ಲ. ಹೊಲದ ಬದುವಿನಲ್ಲಿ ನಿಂತು ದೂರದಲ್ಲಿ ಆಡುವ ಮಗನನ್ನು ಕರೆಯುವ ತಾಯಿಯ ದನಿ ಅದು. "ಏ ಮೌನೇಶಾ! ಬಾರೋ ಈ ಕಡೆ! ಮೌನೇಶಾ!" ಒಮ್ಮೆ ಬಾಯಿಗೆ ಬಂದದ್ದು ನಿಲ್ಲಲೇ ಇಲ್ಲ. ಅಷ್ಟು ವರ್ಷ ಆಡದ ಹೆಸರನ್ನು ಅವಳು ಒಂದೇ ಸಮನೆ ಕರೆಯುತ್ತ ಹೋದಳು. ಕೊನೆಕೊನೆಗೆ ದನಿ ಒಡೆದು ಬರೇ ಉಸಿರು ಬರುತ್ತಿತ್ತು, ಆದರೂ ಕರೆಯುತ್ತಿದ್ದಳು.

ಒಳಗೆ ಎಲ್ಲೋ ಒಂದು ಕಲ್ಲು ಉರುಳಿತು. ಆಮೇಲೆ ಕೆಮ್ಮು. ಬಹಳ ಹೊತ್ತಾದ ಮೇಲೆ ಕವಲಿನ ಎಡಗಡೆಯಿಂದ ಬಿಳಿಯದೇನೋ ನೆಲಕ್ಕಂಟಿ ಸರಿಯುತ್ತ ಬಂತು. ಕಾಕಾ ಕೂಸಿನ ಹಾಗೆ ಅಂಬೆಗಾಲಿಟ್ಟು ಬರುತ್ತಿದ್ದರು. ಒಂದು ಕೈ ಗೋಡೆಯ ಮೇಲೆ. ಹಣೆ ತರಚಿತ್ತು, ಬರಿಗಾಲಿನ ಹೆಬ್ಬೆರಳಿನಿಂದ ರಕ್ತ ಸೋರುತ್ತಿತ್ತು. ನಾನೂ ಹನುಮಪ್ಪನೂ ರಟ್ಟೆ ಹಿಡಿದು ಹೊರಗೆಳೆದೆವು. ಬಿಸಿಲಿಗೆ ಕಣ್ಣು ಬಿಡಲಾಗದೆ ಅಲ್ಲೇ ನೆಲದ ಮೇಲೆ ಕುಳಿತರು. ಹಳ್ಳಿಯಿಂದ ಹಗ್ಗ ಹೊತ್ತು ಬಂದವರು ನೋಡಿ, ಬೈದು, ನೀರು ಕೊಟ್ಟು, ಹೋದರು.

"ಬೆಂಕಿಕಡ್ಡಿ ಕೊರಕೋತ ಹೋದೆ," ಎಂದರು ಕಾಕಾ, ಸ್ವಲ್ಪ ಸುಧಾರಿಸಿಕೊಂಡು. "ಕಲ್ಲಿನಾಗ ಏನೋ ಹೊಳದಂಗ ಆಗೂದು. ಇನ್ನೊಂದಿಷ್ಟು ಮುಂದ ನೋಡೂಣ, ಇನ್ನೊಂದಿಷ್ಟು ಮುಂದ ನೋಡೂಣ ಅಂತ ಹೋದೆ. ಕಡ್ಡಿ ತೀರಿತು. ಒಂದ ಹೆಜ್ಜಿ ಇಟ್ರ ಕಾಲಿಗೆ ನೆಲ ಸಿಗಲಿಲ್ಲ. ಹಂಗ ಹಿಂದಕ್ಕ ಬಿದ್ದು ಕುಂತೆ. ಅಲ್ಲಾಡಲಿಲ್ಲ ಬಸು. ಈ ಕಾಲು, ಈ ಹಾಳ ಕಾಲು, ಇದೂ ಅಲ್ಲಾಡಲಿಲ್ಲ."

"ನಾವು ಕೂಗಿದ್ದು ಕೇಳಲಿಲ್ಲೇನ್ರಿ?"

"ಕೇಳ್ತಿತ್ತು. ಆದ್ರ ಯಾವ ಕಡಿಂದ ಅಂತ ತಿಳೀವಲ್ದು. ಎಲ್ಲಾ ಕಡಿಂದ ಕಾಕಾ ಕಾಕಾ ಅಂತಿತ್ತು. ಏಳಾಕ ಧೈರ್ಯ ಆಗಲಿಲ್ಲ. ಆಮ್ಯಾಲೆ ನಮ್ಮವ್ವ ಕರದ್ಲು." ಚಿಗವ್ವನ ಕಡೆ ನೋಡಿದರು. "ನಮ್ಮವ್ವ ಅಂತನ ತಿಳಕೊಂಡೆ. ಆಕಿ ಸತ್ತ ಮ್ಯಾಲೆ ನನ್ನ ಯಾರೂ ಹಂಗ ಕರದಿಲ್ಲ. ಕರದ್ಲು ಅಂದಮ್ಯಾಲೆ ಹೋಗಬೇಕಲ್ಲ, ಇಲ್ಲಂದ್ರ ಬಡೀತಾಳ. ಗ್ವಾಡಿ ಹಿಡಕೊಂಡು ಬಂದೆ."

ಚಿಗವ್ವ ಬಂಗಲೆಯ ನೆರಳಿಗೆ ಇಳಿದು ಬುಟ್ಟಿ ಬಿಚ್ಚಿದಳು. ಹನುಮಪ್ಪನಿಗೆ ಬಡಿಸಿದಳು, ನನಗೆ ಬಡಿಸಿದಳು. ಕಾಕಾನ ಮುಂದೆ ಇಡುವಾಗ ರೊಟ್ಟಿ ಕೈಯಲ್ಲೇ ಮುರಿಯಿತು.

"ಮದಿವಿಯಾದಾಗಿಂದ ಬಾಗಲದಾಗ ನಿಂತೇನಿ," ಎಂದಳು. ದನಿ ಒಡೆದೇ ಇತ್ತು. "ಇವತ್ತ ಗವಿ ಬಾಗಲದಾಗ ನಿಂತೆ. ಅಷ್ಟ ಫರಕ."

ಕಾಕಾ ತಲೆ ತಗ್ಗಿಸಿದರು. ಹನುಮಪ್ಪ ತನ್ನ ತಟ್ಟೆ ಎತ್ತಿಕೊಂಡು ದೂರ ಹೋಗಿ ಕುಳಿತ. ನಾನೂ ಏಳಬೇಕೆಂದಿದ್ದೆ, ಚಿಗವ್ವ ಕಣ್ಣಲ್ಲೇ ಕೂರಿಸಿದಳು.

"ಆತು," ಎಂದರು ಕಾಕಾ ಕೊನೆಗೆ. "ಆ ಮಳಿಗಿ ಕೆಲಸ ಹಿಡೀತೇನಿ. ನಾಳೆ ಹೋಗಿ ಹೇಳಿ ಬರ್ತೇನಿ. ಮುಂಜಾನಿಂದ ಸಂಜಿತನಕ ಅಲ್ಲೇ ಇರ್ತೇನಿ. ನೀ ನಿಂದ್ರೂದು ತಪ್ತೈತಿ."

ಅವಳು ತಾನೇ ಬಯಸಿದ್ದ ಮಾತು ಅದು. ಚಾವಣಿ ಇಲ್ಲದ ಮನೆಗಳ ಸಾಲಿನ ಕಡೆ ನೋಡುತ್ತ ಕುಳಿತಿದ್ದಳು. ಆಮೇಲೆ ಗಂಡನ ಹಣೆಯ ಗಾಯದ ಮೇಲಿನ ಮಣ್ಣನ್ನು ಸೆರಗಿನಿಂದ ಒರೆಸಿದಳು.

"ಬ್ಯಾಡ. ಅಲ್ಲೆ ನೀವು ಕತ್ತಲ್ಯಾಗ ಕುಂತಂಗ ಕುಂದರ್ತೀರಿ. ಹಂಗ ಅಲ್ಲಾಡದಂಗ ಕುಂತಿದ್ದ ನಿಮ್ಮನ್ನ ನಾ ಏನ್ ನೋಡ್ಲಿ? ಹೋಗ್ರಿ, ಎಲ್ಲಿಗೆ ಬೇಕಾದ್ರೂ ಹೋಗ್ರಿ. ನನ್ನ ಕರಕೊಂಡು ಹೋಗ್ರಿ."

ಬರುವಾಗ ಇಬ್ಬರೂ ಹಿಂದಿನ ಸೀಟಿನಲ್ಲಿ ಕುಳಿತರು. ಕಾಕಾ ವರದಾ ಸೇತುವೆಯ ಮೇಲೆ ನಿಲ್ಲಿಸು ಎಂದರು. ಚಿಗವ್ವನೂ ಇಳಿದಳು. ಕಟಾಂಜನಕ್ಕೆ ಒರಗಿ ಇಬ್ಬರೂ ನೀರು ನೋಡಿದರು. ನಾನು ಕಾರಿನಲ್ಲಿ ಕುಳಿತೇ ಕಾದೆ.

ಸೋಮವಾರ ಕಾಕಾ ಮಳಿಗೆಗೆ ಹೋಗಿ ಆಗುವುದಿಲ್ಲವೆಂದು ಹೇಳಿಬಂದರು. ಅದರ ಮರುವಾರವೇ ಸಣ್ಣ ಸುತ್ತಿಗೆ, ಇಕ್ಕಳ, ಊದುಗೊಳವೆ, ದೀಪ ಎಲ್ಲವನ್ನೂ ಒಂದು ಕ್ಯಾನ್‌ವಾಸ್ ಚೀಲಕ್ಕೆ ತುಂಬಿ, ಅಂಗಡಿಗೆ ಬೀಗ ಹಾಕಿ, ಹೆಂಡತಿಯ ಜೊತೆ ಹೊರಟರು. ಗಿರಾಕಿ ಬರದಿದ್ದರೆ ನಾವೇ ಹೋಗೋಣ ಅನ್ನುವುದು ಯಾರ ಯೋಚನೆಯೋ ನನಗೆ ಗೊತ್ತಿಲ್ಲ. ಇಬ್ಬರೂ ಅದು ಇನ್ನೊಬ್ಬರದೆಂದು ಹೇಳುತ್ತಿದ್ದರು. ಒಂದು ದಿನ ಕುಪ್ಪೇಲೂರು, ಒಂದು ದಿನ ಮೋಟೆಬೆನ್ನೂರು, ಒಂದು ದಿನ ಮೇಡ್ಲೇರಿ. ಯಾರದಾದರೂ ಕಟ್ಟೆಯ ಮೇಲೆ ಕುಳಿತು ಹರಿದ ಸರ, ಸವೆದ ಕಾಲುಂಗುರ ದುರಸ್ತಿ ಮಾಡುವರು. ಅದಕ್ಕಿಂತ ಹೆಚ್ಚು ಕೆಲಸ ಸಿಕ್ಕದ್ದು ಕೂಸುಗಳ ಕಿವಿ ಚುಚ್ಚುವುದರಲ್ಲಿ. ಪೇಟೆಯ ಯಂತ್ರಕ್ಕೆ ಹೆದರುವ ತಾಯಂದಿರು ಇವರಿಗಾಗಿ ಕಾಯುತ್ತಿದ್ದರು. ಚಿಗವ್ವ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಲೆಯನ್ನು ಅಂಗೈಯಲ್ಲಿ ಹಿಡಿದು, ಏನಾದರೊಂದು ಮಾತಾಡಿಸುತ್ತಿರುವಾಗ ಕಾಕಾ ಬಂಗಾರದ ತಂತಿಯ ಮೊನೆಯನ್ನು ಹಾಯಿಸಿ ಸುತ್ತಿಬಿಡುತ್ತಿದ್ದರು. ಸಂಜೆ ಬಸ್ಸಿನಿಂದ ಇಳಿದು ಇಬ್ಬರೂ ಧೂಳಾಗಿ ಓಣಿಗೆ ಬರುವುದು ಕಾಣುತ್ತಿತ್ತು. ಚಿಗವ್ವ ಓಣಿಯಲ್ಲಿ ಮಾತಾಡುವುದು ಹೆಚ್ಚಾಯಿತು. ಯಾವ ಊರಲ್ಲಿ ಯಾರ ಸೊಸೆ ಬಸುರಿ, ಯಾರ ಎಮ್ಮೆ ಕರು ಹಾಕಿತು, ಎಲ್ಲ ಅವಳಿಗೆ ಗೊತ್ತಿರುತ್ತಿತ್ತು. "ನಿನ್ನ ಚಿಗವ್ವ ನನಗಿಂತ ದೊಡ್ಡ ತಿರುಬೋಕಿ ಆಗ್ಯಾಳ" ಎಂದು ಕಾಕಾ ದೂರುತ್ತಿದ್ದರು. ದೂರುವಾಗ ಅವರ ಮುಖ ನೋಡಬೇಕಿತ್ತು.

ಈ ವರ್ಷ ಮೆಣಸಿನಕಾಯಿ ಸುಗ್ಗಿ ಮುಗಿಯುತ್ತ ಬಂದಾಗ, ಒಂದು ಮಧ್ಯಾಹ್ನ ನನ್ನ ಫೋನು ರಿಂಗಾಯಿತು. ಚಿಗವ್ವ.

"ಬಸು, ಗಾಡಿ ತಗೊಂಡು ಕುಪ್ಪೇಲೂರಿಗೆ ಬಾ," ಎಂದಳು. ಸ್ವಲ್ಪ ತಡೆದು, "ಲಗೂ ಬಾ ಅನ್ನಂಗಿಲ್ಲ. ನಿಧಾನಕ ಬಾ."

ಫೋನು ಇಟ್ಟಮೇಲೆ ಆ ಮಾತಿನ ಅರ್ಥ ನನಗೆ ತಿಳಿಯಿತು.

ಒಂದು ರೈತರ ಮನೆಯ ಕಟ್ಟೆಯ ಮೇಲೆ, ಕಂಬಳಿಯ ಮೇಲೆ ಕಾಕಾನನ್ನು ಮಲಗಿಸಿದ್ದರು. ಒಂದು ಹೆಣ್ಣುಕೂಸಿನ ಕಿವಿ ಚುಚ್ಚಲು ಕುಳಿತಿದ್ದರಂತೆ. ಎಡಗಿವಿ ಮುಗಿಸಿ, "ಎದಿ ಯಾಕೋ ಹಿಡದಂಗಾಗೇತಿ, ಒಂದ ಗಳಿಗಿ ಅಡ್ಡಾಗ್ತೇನಿ" ಎಂದು ಒರಗಿದವರು ಏಳಲಿಲ್ಲ. ಚಿಗವ್ವ ಅವರ ತಲೆಯ ಬಳಿ ಕುಳಿತಿದ್ದಳು. ಬಾಗಿಲಲ್ಲಿ ಆ ಮನೆಯ ಅಜ್ಜಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಕೂಸಿನ ಒಂದು ಕಿವಿಯಲ್ಲಿ ಬಂಗಾರದ ತಂತಿ ಹೊಳೆಯುತ್ತಿತ್ತು, ಇನ್ನೊಂದು ಕಿವಿ ಬರಿದಾಗಿತ್ತು. ಅದನ್ನು ನಾನು ನೋಡಿದೆ.

ಕರ್ಮದ ದಿನಗಳೆಲ್ಲ ಮುಗಿದ ಮೇಲೆ ಮಗಳು ಚಿಗವ್ವನನ್ನು ಹಾವೇರಿಗೆ ಕರೆದೊಯ್ದಿದ್ದಳು. ಅಲ್ಲಿಂದ ಫೋನು ಬಂತು. "ಬಸು, ಕುಪ್ಪೇಲೂರಿಗೆ ಹೋಗೂದೈತಿ. ಆ ಕೂಸಿಂದು ಒಂದು ಕಿವಿ ಉಳದೈತಿ."

ಹೋದೆವು. ಆ ಮನೆಯ ಅಂಗಳದಲ್ಲಿ ಚಿಗವ್ವ ನಿಂತುಬಿಟ್ಟಳು. ಕಟ್ಟೆಯನ್ನು ಹತ್ತಲಿಲ್ಲ. ಕೊರಳು ಬರಿದಾಗಿತ್ತು, ಹಣೆ ಬರಿದಾಗಿತ್ತು. ಶುಭದ ಕೆಲಸಕ್ಕೆ ತಾನು ಮುಂದೆ ಬರುವುದನ್ನು ಒಪ್ಪುತ್ತಾರೋ ಇಲ್ಲವೋ ಎಂಬ ಅಳುಕು ಅವಳ ನಿಲುವಿನಲ್ಲೇ ಕಾಣುತ್ತಿತ್ತು. ಅಜ್ಜಿ ಹೊರಗೆ ಬಂದಳು.

"ಈ ತಂತಿ ಅವರು ಮಾಡಿಟ್ಟಿದ್ದು," ಎಂದು ಚಿಗವ್ವ ಕಾಗದದ ಪೊಟ್ಟಣ ಚಾಚಿದಳು. "ನಿಮ್ಮ ಕೂಸಿಂದು. ಬ್ಯಾರೆ ಪತ್ತಾರರ ಕಡಿಂದ ಹಾಕಿಸಬೇಕಂದ್ರ ಹಾಕಸ್ರಿ. ಇದನ್ನ ಕೊಟ್ಟು ಹೋಗೂಣಂತ ಬಂದೇನಿ."

ಅಜ್ಜಿ ಪೊಟ್ಟಣದ ಕಡೆ ನೋಡಲಿಲ್ಲ. "ಬ್ಯಾರೇದವ್ರು ಯಾಕ? ಬಿಸಲಾಗ ಯಾಕ ನಿಂತೀರಿ, ಮ್ಯಾಲೆ ಬರ್ರಿ" ಎಂದು ಒಳಗೆ ಹೋಗಿ, ಕೂಸನ್ನು ತಂದಳು.

ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿದರು. ತಲೆ ಹಿಡಿಯುವುದು ಹೇಗೆಂದು ಚಿಗವ್ವ ತೋರಿಸಿದಳು. ಕೂಸು ಅವಳ ಕೈಯಲ್ಲಿದ್ದ ತಂತಿಯನ್ನು ಕಂಡದ್ದೇ ಬಾಯಿ ತೆರೆದು ಅಳಲು ಶುರು ಮಾಡಿತು.

"ಗೊತ್ತಾಗೇತಿ ಆಕಿಗೆ" ಎಂದಳು ಚಿಗವ್ವ. ಹಾಲೆಗೆ ಅರಿಶಿನ ಹಚ್ಚಿ, ಬಗ್ಗಿ, ಉಸಿರು ಹಿಡಿದಳು. ತಂತಿ ಹಾಯಿತು. ಸುತ್ತಿದಳು. ಮುಗಿಯಿತು. ಕೂಸಿನ ಮುಖವನ್ನು ಎರಡೂ ಕೈಯಿಂದ ತನ್ನ ಕಡೆ ತಿರುಗಿಸಿ, ಎರಡೂ ಕಿವಿ ಒಂದೇ ಸಮ ಇವೆಯೇ ಎಂದು ನೋಡಿದಳು. ಅವಳ ಕಣ್ಣು ತುಂಬಿ ಹನಿ ಕೂಸಿನ ಅಂಗಿಯ ಮೇಲೆ ಬಿತ್ತು.

"ದೊಡ್ಡಕಿ ಆದಮ್ಯಾಲೆ ಆಕಿಗೆ ಹೇಳ್ರಿ," ಎಂದಳು. "ಎಡಗಿವಿ ಪತ್ತಾರ ಮೌನೇಶಪ್ಪ ಚುಚ್ಚಿದ್ದು ಅಂತ."

ಅಜ್ಜಿ ಬೆಲ್ಲದ ಚೂರನ್ನು ಕೂಸಿನ ನಾಲಿಗೆಗೆ ಹಚ್ಚಿದಳು, ಉಳಿದದ್ದನ್ನು ಚಿಗವ್ವನ ಕೈಯಲ್ಲಿಟ್ಟಳು. ಆಮೇಲೆ ಕಟ್ಟೆಯ ಅಂಚಿಗೆ ಹೋಗಿ, ಎದುರು ಮನೆಯ ಕಡೆ ಮುಖ ಮಾಡಿ ಕೂಗಿದಳು:

"ಏ ಶಾರವ್ವಾ, ನಿನ್ನ ಮೊಮ್ಮಗಂದು ಕಿವಿ ಚುಚ್ಚಸಬೇಕು ಅಂತಿದ್ದೆಲ್ಲ? ಕರಕೊಂಡು ಬಾ, ಪತ್ತಾರ ಅಮ್ಮಾರು ಬಂದಾರ!"